ನಮ್ಮೊಳಗಿನ ನೆರೆಹೊರೆ

‘ನಾನು’ ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೆಂಬುದನ್ನು ಯಾರೂ ಎಣಿಸಿಟ್ಟಂತಿಲ್ಲ. ಎಣಿಸಿದ್ದರೆ ನಮಗೇ ನಾಚಿಕೆಯಾದೀತು. ನಾನು ಉಂಡೆ, ನಾನು ಓದಿದೆ, ನಾನು ಪಾಸಾದೆ ಎನ್ನುವಾಗ ಈ ‘ನಾನು’ ಯಾರೆಂದು ಕೇಳುವ ಕೆಲಸವನ್ನು ವೇದಾಂತಿಗಳಿಗೆ ಬಿಟ್ಟುಕೊಟ್ಟು ನಾವು ನಿಶ್ಚಿಂತರಾಗಿದ್ದೇವೆ. ಆದರೆ ಈಚೆಗೆ ವಿಜ್ಞಾನಿಗಳೂ ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಅವರು ತತ್ತ್ವವನ್ನು ಬಿಟ್ಟು ಲೆಕ್ಕವನ್ನು ಮುಂದಿಡುತ್ತಾರೆ. ೨೦೧೬ರಲ್ಲಿ ಇಸ್ರೇಲ್ ಮತ್ತು ಕೆನಡಾ ದೇಶಗಳ ಮೂವರು ವಿಜ್ಞಾನಿಗಳು ೭೦ ಕಿಲೋ ತೂಗುವ ಒಬ್ಬ ಸಾಮಾನ್ಯ ಮನುಷ್ಯನ ದೇಹದ ಜನಗಣತಿಯನ್ನೇ ಮಾಡಿದರು. ಅವನ ಸ್ವಂತದ ಜೀವಕೋಶಗಳು ಸುಮಾರು ೩೦ ಲಕ್ಷ ಕೋಟಿ. ಅವನಲ್ಲಿ ವಾಸಮಾಡುವ ಬ್ಯಾಕ್ಟೀರಿಯಗಳು ಸುಮಾರು ೩೮ ಲಕ್ಷ ಕೋಟಿ! ಅಷ್ಟೂ ಬ್ಯಾಕ್ಟೀರಿಯಗಳ ತೂಕ ಮಾತ್ರ ಸುಮಾರು ೨೦೦ ಗ್ರಾಂ. ಮತ ಎಣಿಸಿದರೆ ನಮ್ಮ ದೇಹದಲ್ಲಿ ನಾವೇ ಅಲ್ಪಸಂಖ್ಯಾತರು. ತಕ್ಕಡಿಗೆ ಹಾಕಿದರೆ ಮಾತ್ರ ಗೆಲುವು ನಮ್ಮದು.

ಹರಿಹರದವನಾದ ನನಗೆ ಇದು ಅಷ್ಟೇನೂ ಸೋಜಿಗವೆನಿಸಬಾರದು. ೧೨೨೪ರ ಸುಮಾರಿಗೆ ಹೊಯ್ಸಳರ ದಂಡನಾಯಕ ಪೋಳಾಲ್ವನು ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ನಮ್ಮೂರ ಗುಡಿಯಲ್ಲಿ ಒಂದೇ ವಿಗ್ರಹದ ಬಲಗಡೆ ಹರ, ಎಡಗಡೆ ಹರಿ. ಮೈ ಒಂದು, ನಿವಾಸಿಗಳು ಇಬ್ಬರು. ನಮ್ಮ ದೇಹದಲ್ಲಾದರೋ ಒಂದು ಊರಿಗೆ ಊರೇ ನೆಲೆಸಿದೆ. ಬಾಯಲ್ಲೊಂದು ಓಣಿ, ಚರ್ಮದ ಮೇಲೊಂದು ಓಣಿ. ಎಲ್ಲಕ್ಕಿಂತ ದೊಡ್ಡ ಪೇಟೆ ದೊಡ್ಡ ಕರುಳಿನಲ್ಲಿ. ಈ ಸಮಸ್ತ ಜೀವರಾಶಿಗೆ ಮೈಕ್ರೋಬಯೋಮ್ ಎಂದು ಹೆಸರಿಟ್ಟಿದ್ದಾರೆ. ಒಳಗಿನ ನೆರೆಹೊರೆ ಎಂದರೆ ನಮಗೆ ಹತ್ತಿರವಾದೀತು. ನಾವು ಅರಗಿಸಲಾರದ ನಾರನ್ನು ಈ ನೆರೆಯವರು ಅರಗಿಸಿಕೊಡುತ್ತಾರೆ. ‘ಕೆ’ ಜೀವಸತ್ವವನ್ನು ಒದಗಿಸುತ್ತಾರೆ. ಮೈಯ ರಕ್ಷಣಾ ಪಡೆಗೆ ಮಿತ್ರ ಯಾರು, ಶತ್ರು ಯಾರು ಎಂಬ ಪಾಠವನ್ನೂ ಕಲಿಸುತ್ತಾರೆ. ಆದರೆ ನೆರೆಹೊರೆಯೆಂದ ಮೇಲೆ ಉಪಕಾರವೂ ಉಂಟು, ಉಪದ್ರವವೂ ಉಂಟಷ್ಟೆ.

ಕಲಾವಿಭಾಗದಲ್ಲಿ ಇತಿಹಾಸ ಓದುವ ಹುಡುಗನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಇದಕ್ಕೆ ಕಾರಣ ನನ್ನ ದೊಡ್ಡಪ್ಪ.

ದೊಡ್ಡಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತವರು. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲೊಲ್ಲದೆ ಓಣಿಯವರ ಸೈಕಲ್ಲು, ಹೊಲಿಗೆ ಯಂತ್ರ, ನೀರಿನ ಪಂಪುಗಳನ್ನು ಬಿಚ್ಚಿ ಕೂಡಿಸುತ್ತಿದ್ದರು. ಅವರಿಗಿದ್ದ ಚಟ ಒಂದೇ: ಊಟವಾದ ಮೇಲೆ ಎಲೆ-ಅಡಿಕೆಯ ಜೊತೆಗೆ ಒಂದು ಚಿಟಿಕೆ ಹೊಗೆಸೊಪ್ಪು. ಒಸಡಿನಲ್ಲಿ ರಕ್ತ ಬರುತ್ತಿತ್ತು, ಹಲ್ಲು ಅಲ್ಲಾಡುತ್ತಿದ್ದವು. ‘ವಯಸ್ಸಾತಲ್ಲಪಾ’ ಎಂದು ನಗುತ್ತಿದ್ದರು. ೨೦೨೨ರಲ್ಲಿ, ಅವರ ಅರವತ್ತೆರಡನೆಯ ವಯಸ್ಸಿನಲ್ಲಿ, ಮನೆತನದಲ್ಲಿ ಯಾರಿಗೂ ಇಲ್ಲದ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಮೈ ಇಳಿಯಿತು. ನೋಡಿದವರೆಲ್ಲ ‘ಪಥ್ಯ ಚೆನ್ನಾಗಿ ಹಿಡಿದಿದ್ದೀರಿ’ ಎಂದು ಹೊಗಳಿದರು. ಮರುವರ್ಷ ಯುಗಾದಿಯ ಹೊತ್ತಿಗೆ ಕಣ್ಣು ಹಳದಿಯಾಯಿತು. ಅರಿಶಿನ ಕಾಮಾಲೆಯೆಂದು ಹಳ್ಳಿಯೊಂದಕ್ಕೆ ಕರೆದೊಯ್ದು ಮೂರು ವಾರ ಸೊಪ್ಪಿನ ರಸ ಕುಡಿಸಿದ್ದಾಯಿತು. ಕಡೆಗೆ ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಅಷ್ಟರಲ್ಲಿ ಅದು ಯಕೃತ್ತಿಗೂ ಹಬ್ಬಿತ್ತು. ಆ ವರ್ಷ ದೀಪಾವಳಿಯ ದೀಪ ಹಚ್ಚುವಾಗ ಅವರು ನಮ್ಮೊಡನೆ ಇರಲಿಲ್ಲ.

ಅವರು ಹಾಸಿಗೆ ಹಿಡಿದಿದ್ದಾಗ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಬಂಧುಗಳೊಬ್ಬರು ತಮ್ಮ ಫೋನಿಗೆ ಬಂದ ಸುದ್ದಿಯನ್ನು ಎಲ್ಲರಿಗೂ ಓದಿ ಹೇಳಿದರು: ಈ ಕ್ಯಾನ್ಸರಿನ ಗಡ್ಡೆಯೊಳಗೆ ಕ್ರಿಮಿಗಳಿವೆಯಂತೆ! ಸುದ್ದಿ ಸುಳ್ಳಲ್ಲ. ಆದರೆ ಆ ಮಾತು ಪಡಸಾಲೆಯಿಂದ ಅಡಿಗೆಮನೆಗೆ ಹೋಗುವಷ್ಟರಲ್ಲಿ ಅದರ ಅರ್ಥ ಬದಲಾಗಿಬಿಟ್ಟಿತ್ತು. ಮರುದಿನದಿಂದ ದೊಡ್ಡಪ್ಪನ ತಟ್ಟೆ ಬೇರೆ, ಲೋಟ ಬೇರೆ. ಮೊಮ್ಮಕ್ಕಳನ್ನು ಮಂಚದ ಹತ್ತಿರ ಬಿಡಲಿಲ್ಲ. ಮನೆಯವರು ಯಾರೂ ಕೆಟ್ಟವರಲ್ಲ, ಹೆದರಿದವರು, ಅಷ್ಟೆ. ದೊಡ್ಡಪ್ಪ ಏನೂ ಅನ್ನಲಿಲ್ಲ. ಮೈಯಲ್ಲಿ ಶಕ್ತಿ ಇರುವವರೆಗೆ ತಮ್ಮ ಲೋಟವನ್ನು ತಾವೇ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿಡುತ್ತಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ದೊಡ್ಡವ್ವ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: ‘ತಮ್ಮಾ, ನೀನು ಓದಿದಾವ. ಒಂದು ಮಾತು ಖರೇ ಹೇಳು. ಆ ಕ್ರಿಮಿ ನನ್ನ ಕೈ ಅಡಿಗಿಯಿಂದ ಅವರ ಹೊಟ್ಟಿಗೆ ಹೋತೇನು?’

ಆಗ ನನಗೆ ತಿಳಿಯಿತು, ಆ ಮನೆಯಲ್ಲಿ ಕೆಲವು ತಿಂಗಳಿಂದ ದೋಸೆಯ ಹಿಟ್ಟನ್ನು ಹುಳಿಯಲು ಇಡುತ್ತಿರಲಿಲ್ಲ, ಹಾಲಿಗೆ ಹೆಪ್ಪು ಹಾಕುತ್ತಿರಲಿಲ್ಲ ಏಕೆಂಬುದು.

‘ಇಲ್ಲ ದೊಡ್ಡವ್ವಾ’ ಎಂದೆ.

‘ಹಂಗಾರೆ ಎಲ್ಲಿಂದ ಬಂತು?’

ಮೊದಲನೆಯ ಪ್ರಶ್ನೆಗೆ ಇಲ್ಲವೆನ್ನುವುದು ಸುಲಭ. ಎರಡನೆಯದಕ್ಕೆ ಉತ್ತರ ಹುಡುಕಲು ತಿಂಗಳುಗಳೇ ಹಿಡಿದವು. ವೈದ್ಯಕೀಯ ಓದುತ್ತಿರುವ ಅತ್ತೆಯ ಮಗಳು ಲೇಖನಗಳನ್ನು ತಂದುಕೊಟ್ಟು, ನನಗೆ ನಿಲುಕದ ಶಬ್ದಗಳನ್ನು ಬಿಡಿಸಿ ಹೇಳಿದಳು. ಆಗ ತಿಳಿದುಕೊಂಡದ್ದನ್ನು ಈ ಸಂಚಿಕೆಯ ಮೂಲಕ ಮಿತ್ರರೊಡನೆ ಹಂಚಿಕೊಳ್ಳುತ್ತಿದ್ದೇನೆ. ಇಂಥ ಪ್ರಶ್ನೆ ಕೇಳುವ ದೊಡ್ಡವ್ವ ಒಬ್ಬರಲ್ಲ ಒಬ್ಬರು ಎಲ್ಲರ ಮನೆಯಲ್ಲೂ ಇರುತ್ತಾರೆ.

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿದೆ. ಉದ್ದ ಸುಮಾರು ೧೫ ಸೆಂಟಿಮೀಟರ್. ಗೇಣಿಗಿಂತ ತುಸು ಕಡಿಮೆ. ಉಂಡದ್ದನ್ನು ಅರಗಿಸುವ ರಸವನ್ನು ಕರುಳಿಗೆ ಹರಿಸುವುದು, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಒದಗಿಸುವುದು ಎರಡೂ ಅದರ ಹೊಣೆ. ಸದ್ದಿಲ್ಲದೆ ದುಡಿಯುವ ಈ ಅಂಗ ಕೆಡುವಾಗಲೂ ಸದ್ದು ಮಾಡುವುದಿಲ್ಲ, ಅದೇ ಅಪಾಯ. ಗಡ್ಡೆಯು ಅದರ ತಲೆಭಾಗದಲ್ಲಿ ಬೆಳೆದು ಪಕ್ಕದ ಪಿತ್ತನಾಳವನ್ನು ಒತ್ತಿದಾಗ ಕಾಮಾಲೆ ಕಾಣಿಸಿಕೊಂಡು ಗುಟ್ಟು ಬಯಲಾಗುತ್ತದೆ. ೨೦೨೨ ಒಂದೇ ವರ್ಷದಲ್ಲಿ ಜಗತ್ತಿನ ಸುಮಾರು ೫ ಲಕ್ಷ ೧೦ ಸಾವಿರ ಮಂದಿಯಲ್ಲಿ ಈ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು ೪ ಲಕ್ಷ ೬೭ ಸಾವಿರ ಮಂದಿ ಅದರಿಂದ ತೀರಿಕೊಂಡರು. ರೋಗ ಬಂದವರ ಸಂಖ್ಯೆಗೂ ಹೋದವರ ಸಂಖ್ಯೆಗೂ ಎಷ್ಟು ಕಡಿಮೆ ಅಂತರವಿದೆ ನೋಡಿ. ಅಮೆರಿಕದಂಥ ದೇಶದಲ್ಲಿಯೂ ಐದು ವರ್ಷ ಬದುಕುವವರು ನೂರಕ್ಕೆ ಹದಿಮೂರು ಮಂದಿ ಮಾತ್ರ. ನೆರೆಯ ಗೋವಾದ ಮುಖ್ಯಮಂತ್ರಿ ಮನೋಹರ ಪರಿಕ್ಕರ್ ೨೦೧೯ರ ಮಾರ್ಚಿಯಲ್ಲಿ ಕಾಲವಾದದ್ದು ಇದೇ ರೋಗದಿಂದ. ಅಧಿಕಾರವಾಗಲಿ, ದೂರದೇಶದ ಚಿಕಿತ್ಸೆಯಾಗಲಿ ಅವರನ್ನು ಉಳಿಸಲಾರದೆ ಹೋಯಿತು.

ಇಂಥ ಆಳದ ಕೋಣೆಯೊಳಗೆ ಸೂಕ್ಷ್ಮಜೀವಿಗಳಿಗೆ ಪ್ರವೇಶವಿಲ್ಲವೆಂದು ವೈದ್ಯಶಾಸ್ತ್ರ ಬಹುಕಾಲ ನಂಬಿತ್ತು. ಜಠರದ ವಿಷಯದಲ್ಲಿಯೂ ಹಿಂದೆ ಹೀಗೆಯೇ ನಂಬಿದ್ದರು: ಅಷ್ಟೊಂದು ಆಮ್ಲದಲ್ಲಿ ಯಾವ ಜೀವಿ ಬದುಕೀತು? ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ೧೯೮೪ರಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಜೀವಾಣುಗಳಿದ್ದ ದ್ರವವನ್ನು ತಾವೇ ಕುಡಿದು, ಜಠರದ ಉರಿಯೂತವನ್ನು ಬರಿಸಿಕೊಂಡು ಆ ನಂಬಿಕೆಯನ್ನು ಅಲ್ಲಾಡಿಸಿದರು. ೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅದೇ ಜೀವಾಣು ಜಠರದ ಕ್ಯಾನ್ಸರಿಗೂ ಕಾರಣವೆಂದು ಸಾರಿತು. ೨೦೦೫ರಲ್ಲಿ ಮಾರ್ಷಲ್ ಹಾಗೂ ಅವರ ಸಹೋದ್ಯೋಗಿ ರಾಬಿನ್ ವಾರೆನ್ ನೊಬೆಲ್ ಬಹುಮಾನ ಪಡೆದರು.

ಮೇದೋಜೀರಕದ ಬಾಗಿಲಲ್ಲಿಯೂ ಒಂದು ಸಂದಿ ಇದೆ. ಅದರ ರಸ ಹರಿಯುವ ನಾಳ ಸಣ್ಣ ಕರುಳಿಗೆ ತೆರೆದುಕೊಳ್ಳುತ್ತದಷ್ಟೆ. ನೀರು ಕೆಳಗೆ ಹರಿಯುವ ಕಾಲುವೆಯಲ್ಲಿ ಮೀನು ಮೇಲಕ್ಕೆ ಈಜುವಂತೆ, ಕರುಳಿನ ಜೀವಾಣುಗಳು ಆ ನಾಳದಲ್ಲಿ ಮೇಲಕ್ಕೆ ಹತ್ತಬಲ್ಲವು. ೨೦೧೭ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳೂ ಅವರ ಸಂಗಡಿಗರೂ ಈ ಗ್ರಂಥಿಯ ೧೧೩ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿ, ೮೬ರಲ್ಲಿ ಬ್ಯಾಕ್ಟೀರಿಯಗಳನ್ನು ಕಂಡರು. ಅವುಗಳಲ್ಲಿ ಕೆಲವು ಜಾತಿಯವು, ಈ ರೋಗಕ್ಕೆ ಕೊಡುವ ಜೆಮ್‌ಸಿಟಬಿನ್ ಎಂಬ ಔಷಧವನ್ನು ಕೆಲಸಕ್ಕೆ ಬಾರದಂತೆ ಮಾರ್ಪಡಿಸಬಲ್ಲವೆಂದು ಪ್ರಯೋಗಶಾಲೆಯಲ್ಲಿ ತೋರಿಸಿದರು. ೨೦೧೮ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ರೋಗವಿಲ್ಲದ ಗ್ರಂಥಿಗಿಂತ ಕ್ಯಾನ್ಸರ್ ಹಿಡಿದ ಗ್ರಂಥಿಯಲ್ಲಿ ಬ್ಯಾಕ್ಟೀರಿಯಗಳು ಸುಮಾರು ಸಾವಿರ ಪಟ್ಟು ಹೆಚ್ಚೆಂದು ವರದಿ ಮಾಡಿದರು. ಅವು ಅಲ್ಲಿ ಕುಳಿತು ಮೈಯ ಕಾವಲುಗಾರ ಕೋಶಗಳಿಗೆ ಜೋಗುಳ ಹಾಡುತ್ತವೆಯಂತೆ. ಇಲಿಗಳಿಗೆ ಜೀವಾಣುನಾಶಕ ಔಷಧ ಕೊಟ್ಟಾಗ ಕಾವಲುಗಾರರು ಎಚ್ಚೆತ್ತರು. ಗಡ್ಡೆಯ ಬೆಳವಣಿಗೆ ನಿಧಾನವಾಯಿತು.

ಹಾಗಾದರೆ ಈ ನೆರೆಹೊರೆಯವರೆಲ್ಲ ಕೇಡಿಗರೇ? ಅಲ್ಲ. ೨೦೧೯ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಸಂಶೋಧಕರು ಶಸ್ತ್ರಚಿಕಿತ್ಸೆಯ ನಂತರ ಬಹುಕಾಲ ಬದುಕಿದವರ ಗಡ್ಡೆಗಳನ್ನೂ ಬೇಗ ತೀರಿಕೊಂಡವರ ಗಡ್ಡೆಗಳನ್ನೂ ಹೋಲಿಸಿ ನೋಡಿದರು. ಬಹುಕಾಲ ಬದುಕಿದವರ ಗಡ್ಡೆಗಳಲ್ಲಿ ಬಗೆಬಗೆಯ ಜೀವಾಣುಗಳು ಹೆಚ್ಚಾಗಿದ್ದವು. ಅಂಥವರ ಕರುಳಿನ ಜೀವಾಣುಗಳನ್ನು ಇಲಿಗಳಿಗೆ ಸೇರಿಸಿದಾಗ ಗಡ್ಡೆ ಮೆಲ್ಲಗೆ ಬೆಳೆಯಿತು. ಎಲ್ಲ ಕಸುಬಿನವರೂ ಇರುವ ಊರು ಬಾಳುವಂತೆ, ಹಲವು ಬಗೆಯ ಜೀವಿಗಳಿರುವ ಹೊಟ್ಟೆಯೂ ಬಾಳುತ್ತದೆಯೋ ಏನೋ.

ಇನ್ನು ಬಾಯಿಯ ಮಾತು. ಹಾಲೆಂಡಿನ ಲೇವನ್‌ಹುಕ್ ನಮ್ಮ ದಾವಣಗೆರೆಯ ಅನೇಕರಂತೆ ಬಟ್ಟೆ ವ್ಯಾಪಾರಿ. ಆತ ೧೬೮೩ರಲ್ಲಿ ತನ್ನ ಹಲ್ಲಿನ ಕೊಳೆಯನ್ನು ತಾನೇ ತಯಾರಿಸಿದ ಮಸೂರದಡಿ ಇಟ್ಟು, ಅಲ್ಲಿ ಓಡಾಡುವ ಜೀವಿಗಳನ್ನು ಕಂಡು ಬೆರಗಾದ. ಆ ಜೀವಿಗಳ ಬಂಧುಬಳಗದ ಒಂದು ಜಾತಿ, ಒಸಡಿನ ರೋಗಕ್ಕೆ ಕಾರಣವಾದ ಪೋರ್ಫಿರೋಮೊನಾಸ್ ಜಿಂಜಿವ್ಯಾಲಿಸ್, ಈಗ ಸಂಶೋಧಕರ ಕಣ್ಣಿಗೆ ಬಿದ್ದಿದೆ. ೨೦೧೬ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮುಂದೆ ಮೇದೋಜೀರಕದ ಕ್ಯಾನ್ಸರ್ ಬಂದ ೩೬೧ ಮಂದಿಯ ಬಾಯಿಯ ದ್ರವವನ್ನೂ, ಬಾರದ ೩೭೧ ಮಂದಿಯದನ್ನೂ ಹೋಲಿಸಲಾಯಿತು. ಈ ಜೀವಾಣು ಇದ್ದವರಲ್ಲಿ ರೋಗದ ಸಂಭವ ನೂರಕ್ಕೆ ಸುಮಾರು ಅರುವತ್ತರಷ್ಟು ಹೆಚ್ಚಾಗಿತ್ತು. ಸುಮಾರು ೧ ಲಕ್ಷ ೨೨ ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ೨೦೨೫ರ ಇನ್ನೊಂದು ಅಧ್ಯಯನವೂ ಬಾಯಿಯ ಬ್ಯಾಕ್ಟೀರಿಯ ಮತ್ತು ಶಿಲೀಂಧ್ರಗಳ ೨೭ ಜಾತಿಗಳಿಗೂ ಈ ರೋಗಕ್ಕೂ ನಂಟು ಇರುವುದನ್ನು ತೋರಿಸಿತು.

ದೊಡ್ಡಪ್ಪನ ಅಲ್ಲಾಡುವ ಹಲ್ಲುಗಳನ್ನು ನೆನೆದು ನಾನು ಇದನ್ನು ಓದುವಾಗ ಬೆಚ್ಚಿದ್ದು ನಿಜ. ಆದರೆ ನಂಟನ್ನು ಕಾರಣವೆಂದು ತಿಳಿಯಬಾರದು. ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಹೋಗಿ ನೋಡಿ: ಗೋಡೆಯೂ ಕಪ್ಪು, ಕೆಲಸದವನ ಅಂಗಿಯೂ ಕಪ್ಪು. ಗೋಡೆಯೇ ಅಂಗಿಯನ್ನು ಕಪ್ಪು ಮಾಡಿತೆನ್ನಬಹುದೇ? ಎರಡನ್ನೂ ಕಪ್ಪು ಮಾಡಿದ್ದು ಹೊಗೆ. ಹಾಗೆಯೇ ಹೊಗೆಸೊಪ್ಪು ಒಸಡನ್ನೂ ಕೆಡಿಸುತ್ತದೆ, ಮೇದೋಜೀರಕವನ್ನೂ ಕೆಡಿಸುತ್ತದೆ. ಅಗಿಯುವ ತಂಬಾಕು ಬಾಯಿ, ಅನ್ನನಾಳ, ಮೇದೋಜೀರಕ ಈ ಮೂರರ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಂಗ ಸ್ಪಷ್ಟವಾಗಿ ಹೇಳಿದೆ. ಅಧ್ಯಯನ ಮಾಡಿದವರು ತಂಬಾಕಿನ ಪಾಲನ್ನು ಕಳೆದು ಲೆಕ್ಕಹಾಕಲು ಯತ್ನಿಸಿದ್ದಾರೆ, ನಿಜ. ಆದರೂ ಜೀವಾಣು ತಾನೇ ಬೆಂಕಿ ಹಚ್ಚಿತೋ, ಹತ್ತಿದ ಬೆಂಕಿಗೆ ಗಾಳಿ ಹಾಕಿತೋ, ಬೆಂಕಿ ಬಿದ್ದ ಮನೆಗೆ ಆಮೇಲೆ ನುಗ್ಗಿತೋ ಎಂಬುದು ಮನುಷ್ಯರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಆತುರಪಡುವವರಿಗೆ ಒಂದು ಉದಾಹರಣೆ ಇದೆ: ಒಂದು ಶಿಲೀಂಧ್ರ ಈ ಕ್ಯಾನ್ಸರನ್ನು ಬೆಳೆಸುತ್ತದೆಂದು ೨೦೧೯ರಲ್ಲಿ ಹೆಸರಾಂತ ಪತ್ರಿಕೆಯಲ್ಲಿ ಪ್ರಬಂಧ ಬಂದಿತು, ೨೦೨೩ರಲ್ಲಿ ಬೇರೆ ವಿದ್ವಾಂಸರು ಅದೇ ಮಾಹಿತಿಯನ್ನು ಮತ್ತೆ ಜಾಲಾಡಿ, ಆ ನಿರ್ಣಯಕ್ಕೆ ಆಧಾರ ಸಾಲದೆಂದು ಅದೇ ಪತ್ರಿಕೆಯಲ್ಲಿ ಬರೆದರು. ವಿಜ್ಞಾನದ ಈ ಗುಣ ನನಗೆ ಬಲು ಹಿಡಿಸಿತು. ಅಲ್ಲಿ ಯಾರ ಮಾತೂ ಕೊನೆಯ ಮಾತಲ್ಲ.

ಇಷ್ಟನ್ನು ತಿ‍ಳಿದ ಮೇಲೆ ನಾನು ದೊಡ್ಡವ್ವನ ಬಳಿಗೆ ಹೋಗಿ, ನನಗೆ ಬಂದ ಮಾತಿನಲ್ಲಿ ಹೇಳಿದೆ. ಕ್ಷಯ, ಕಾಲರಾಗಳ ಕ್ರಿಮಿ ಹೊರಗಿನಿಂದ ಬಂದು ಒಬ್ಬರಿಂದೊಬ್ಬರಿಗೆ ಹರಡುವಂಥದು. ಗಡ್ಡೆಯಲ್ಲಿ ಕಂಡವು ಹಾಗಲ್ಲ. ಅವು ಹೆಚ್ಚಾಗಿ ನಮ್ಮೆಲ್ಲರ ಬಾಯಿ, ಕರುಳುಗಳಲ್ಲಿ ಮೊದಲಿನಿಂದ ಇರುವ ಒಕ್ಕಲುಗಳೇ. ಅವು ಇರಬಾರದ ಜಾಗಕ್ಕೆ ಹೋದಾಗ ತೊಂದರೆ. ಮೇದೋಜೀರಕದ ಕ್ಯಾನ್ಸರ್ ತಟ್ಟೆಯಿಂದ ಅಂಟುವುದಿಲ್ಲ, ಲೋಟದಿಂದ ಅಂಟುವುದಿಲ್ಲ, ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ತೊಡೆಯ ಮೇಲೆ ಮೊಮ್ಮಗು ಕುಳಿತರೆ ಅಂಟುವುದಿಲ್ಲ. ಇನ್ನು ದೋಸೆಯ ಹಿಟ್ಟು: ರಾತ್ರಿ ರುಬ್ಬಿಟ್ಟದ್ದು ಬೆಳಗಾಗುವಷ್ಟರಲ್ಲಿ ಉಬ್ಬುವುದು ಲ್ಯೂಕೋನಾಸ್ಟಾಕ್ ಮೊದಲಾದ ಜೀವಾಣುಗಳ ದುಡಿಮೆಯಿಂದ. ಅವು ಇಲ್ಲದಿದ್ದರೆ ದಾವಣಗೆರೆಗೆ ಬೆಣ್ಣೆದೋಸೆಯ ಹೆಸರೇ ಬರುತ್ತಿರಲಿಲ್ಲ. ಕಾದ ಹೆಂಚಿನ ಮೇಲೆ ಅವು ಹೇಗೂ ಸಾಯುತ್ತವೆ. ಹಿಟ್ಟು ರುಬ್ಬಿದ ಕೈಯಲ್ಲಿ ಯಾವ ದೋಷವೂ ಇಲ್ಲ.

ದೊಡ್ಡವ್ವ ಪೂರ್ತಿ ನಂಬಿದರೋ ಇಲ್ಲವೋ ಹೇಳಲಾರೆ. ‘ಹಂಗಾರೆ ಆ ಲೋಟ ಬ್ಯಾರೆ ಇಡಬೇಕಾಗಿದ್ದಿಲ್ಲ’ ಎಂದು ಮಾತ್ರ ಮೆಲ್ಲಗೆ ಅಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಹೋದಾಗ ಅಡಿಗೆಮನೆಯ ಮೂಲೆಯಲ್ಲಿ ಹೆಪ್ಪು ಹಾಕಿದ ಗಡಿಗೆ ಮತ್ತೆ ಕಾಣಿಸಿತು.

ಮೊಸರಿನ ಜೀವಾಣು ಈ ಕ್ಯಾನ್ಸರಿಗೆ ಮದ್ದೆಂದು ಮಾತ್ರ ಯಾರೂ ಭಾವಿಸಬಾರದು. ‘ಒಳ್ಳೆಯ ಬ್ಯಾಕ್ಟೀರಿಯ’ಗಳ ಪುಡಿಯನ್ನೂ ಮಾತ್ರೆಯನ್ನೂ ಸರ್ವರೋಗ ನಿವಾರಕವೆಂದು ಮಾರುವವರು ಈಗ ಎಲ್ಲೆಲ್ಲೂ ಇದ್ದಾರೆ. ಇನ್ನು ಕೆಲವರು ಇಲಿಗಳ ಕಥೆ ಕೇಳಿ, ಜೀವಾಣುನಾಶಕ ಮಾತ್ರೆಗಳನ್ನು ತಾವೇ ಕೊಂಡು ನುಂಗಿಬಿಡೋಣವೆಂದಾರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾದೀತು. ಕೇಡಿಗನ ಜೊತೆಗೆ ಊರಿನ ಸಜ್ಜನರೆಲ್ಲ ನಾಶವಾಗುತ್ತಾರೆ. ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಮದ್ದಾಗಲು ಇನ್ನೂ ದಾರಿ ಉಂಟು.

ನಮ್ಮ ಕೈಯಲ್ಲಿರುವುದು ಇದಕ್ಕಿಂತ ಸರಳವಾದದ್ದು. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಆದರೂ ಹಲ್ಲು ಕೈಗೆ ಬರುವವರೆಗೆ ನಾವು ಅತ್ತ ತಲೆ ಹಾಕುವುದಿಲ್ಲ. ಕರ್ನಾಟಕದಲ್ಲಿ ಗುಟ್ಕಾ ೨೦೧೩ರಲ್ಲಿಯೇ ನಿಷೇಧವಾಯಿತು. ಆದರೂ ಹರಿಹರಕ್ಕೂ ದಾವಣಗೆರೆಗೂ ಬಸ್ಸಿನಲ್ಲಿ ಓಡಾಡುವ ನಮ್ಮ ಗೆಳೆಯರ ಜೇಬಿನಲ್ಲಿ ಏನಿರುತ್ತದೆಂದು ಬಲ್ಲವರೇ ಬಲ್ಲರು. ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಮೂರು ವರ್ಷದೊಳಗೆ ಈ ಕ್ಯಾನ್ಸರ್ ಪತ್ತೆಯಾಯಿತೆಂದು ಅಮೆರಿಕದ ಒಂದು ಅಧ್ಯಯನ ತಿಳಿಸುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಹೆದರಬೇಕಾಗಿಲ್ಲ. ಆದರೆ ಹೊಸ ಸಕ್ಕರೆ ಕಾಯಿಲೆಯ ಜೊತೆಗೆ ಕಾರಣವಿಲ್ಲದೆ ಮೈ ಇಳಿದರೆ, ಬೆನ್ನಿಗೆ ಹಾಯುವ ಹೊಟ್ಟೆನೋವು ಬಂದರೆ, ಕಣ್ಣು ಹಳದಿಯಾದರೆ, ಹೊಗಳಿಕೆಯನ್ನೂ ಸೊಪ್ಪಿನ ರಸವನ್ನೂ ಬದಿಗಿಟ್ಟು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನಮ್ಮ ಮನೆಗಳಲ್ಲಿ ಓದು ಬಲ್ಲವರು ನಾವು; ಆ ಮಾತನ್ನು ಮೊದಲು ಎತ್ತಬೇಕಾದವರೂ ನಾವೇ.

ನಮ್ಮೊಳಗೊಂದು ಊರಿದೆ ಎಂಬ ತಿಳಿವಳಿಕೆ ನನಗೆ ಹೆಮ್ಮೆಗಿಂತ ಹೆಚ್ಚಾಗಿ ವಿನಯವನ್ನು ತಂದಿದೆ. ಮೂವತ್ತೆಂಟು ಲಕ್ಷ ಕೋಟಿ ಅಪರಿಚಿತರೊಡನೆ ಹುಟ್ಟಿನಿಂದ ಒಂದೇ ಮೈಯಲ್ಲಿ ಬಾಳುತ್ತಿರುವ ನಾವು, ಕಾಯಿಲೆ ಬಿದ್ದ ನಮ್ಮವರೊಬ್ಬರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲು ಏಕೆ ಅಂಜಬೇಕು? ಇನ್ನು ಮುಂದೆ ಯಾರ ತಟ್ಟೆಯನ್ನಾದರೂ ಬೇರೆ ಇಡುವ ಮೊದಲು ತಿಳಿದವರನ್ನು ಒಂದು ಮಾತು ಕೇಳೋಣ. ಅಷ್ಟರಿಂದ ರೋಗ ವಾಸಿಯಾಗಲಿಕ್ಕಿಲ್ಲ. ಆದರೆ ರೋಗಿಯ ಉಳಿದ ದಿನಗಳು ಒಂದಿಷ್ಟು ಹಗುರವಾದಾವು.